ಚಿಗರಿಯ ಬಾಯಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ನಾಯಿಯ ಬಾಯಿ ನಾರಲು ಶುರುವಾಯಿತು. ಅಂತಿಂಥ ನಾತವಲ್ಲ. ಅದು ಪಡಸಾಲೆಗೆ ಬಂದು ಒಮ್ಮೆ ಆಕಳಿಸಿದರೆ ಉಣ್ಣುತ್ತಿದ್ದವರು ತಾಟು ಎತ್ತಿಕೊಂಡು ಒಳಗೆ ಓಡುತ್ತಿದ್ದರು. ಮುಧೋಳ ತಳಿಯ ಹೆಣ್ಣುನಾಯಿ ಅದು. ಉದ್ದ ಕಾಲು, ಸಣ್ಣ ನಡು. ಜಿಂಕೆಯ ಹಾಗೆ ಓಡುತ್ತದೆಂದು ಚಿಗರಿ ಅಂತ ಹೆಸರಿಟ್ಟಿದ್ದೆವು.

ಗಲಗಲಿಯ ಹತ್ತಿರ ಕೃಷ್ಣೆಯ ದಂಡೆಗೆ ನಮ್ಮ ಹೊಲ, ಹೊಲದಲ್ಲೇ ಬೆಲ್ಲದ ಗಾಣ. ಸುಗ್ಗಿ ಬಂತೆಂದರೆ ಎತ್ತುಗಳು ಸುತ್ತಿದಂತೆಲ್ಲ ಗಾಣ ಕಿರುಗುಡುತ್ತಿತ್ತು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಘಮ ನದಿಯವರೆಗೂ ಹೋಗುತ್ತಿತ್ತು. ಗಾಣಕ್ಕೆ ಬಂದವರು ಬರಿಬಾಯಲ್ಲಿ ಹೋಗಬಾರದು ಎಂಬುದು ನಮ್ಮ ಕಡೆಯ ರಿವಾಜು. ದಾರಿಹೋಕರಿಗೂ ಹೊಸ ಬೆಲ್ಲ, ಚಿಗರಿಗೂ ಹೊಸ ಬೆಲ್ಲ. ಮೇಲೆ ಅಗಿಯಲು ಕಬ್ಬಿನ ತುಂಡು. ಬಾಯಿ ನಾರತೊಡಗಿದ ಮೇಲೆ ನಾವು ಇನ್ನೂ ದೊಡ್ಡ ಉಂಡೆ ಕೊಟ್ಟೆವು, ಸಿಹಿ ತಿಂದರೆ ವಾಸನೆ ಹೋದೀತೆಂದು. ನಮ್ಮ ಜಾಣತನಕ್ಕೆ ಏನು ಹೇಳಲಿ! ಕೊತ್ತಂಬರಿ ಸೊಪ್ಪನ್ನು ರೊಟ್ಟಿಯಲ್ಲಿ ಸುತ್ತಿಯೂ ಕೊಟ್ಟೆವು. ಅದು ರೊಟ್ಟಿ ತಿಂದು ಸೊಪ್ಪು ಉಗುಳಿತು.

ಒಂದು ಮುಂಜಾನೆ ಅಪ್ಪ ಹಗ್ಗ ಕೈಗೆ ತೆಗೆದುಕೊಂಡ. ಆಗ ನನ್ನ ತಮ್ಮ ಇನ್ನೂ ತೊಟ್ಟಿಲ ಕೂಸು.

"ಮನ್ಯಾಗ ಸಣ್ಣ ಕೂಸೈತಿ. ಇದಕ್ಕ ಏನೋ ಬ್ಯಾನಿ ಹತ್ತೇತಿ. ದೋಣ್ಯಾಗ ಹಾಕ್ಕೊಂಡು ಹೋಗಿ ಆಚಿ ದಂಡಿಗೆ ಬಿಟ್ಟು ಬರ್ತೀನಿ," ಎಂದ.

ಅಪ್ಪ ಕೆಟ್ಟವನಲ್ಲ, ಕೂಸಿಗೆ ಏನಾದರೂ ಆದೀತೆಂದು ಹೆದರಿದ್ದ. ನಾನು ಚಿಗರಿಯ ಕೊರಳು ತಬ್ಬಿಕೊಂಡು ಜೋರಾಗಿ ಅತ್ತೆ. ಒಂದು ಕೈಯಲ್ಲಿ ಮೂಗು ಹಿಡಿದುಕೊಂಡೇ ಅತ್ತೆ ಅನ್ನಿ.

ಅಕ್ಕ ಅಳಲಿಲ್ಲ. ಹೋಗುವ ನಾಯಿ ಹಸಿದು ಹೋಗಬಾರದೆಂದು ಒಣ ಜೋಳದ ರೊಟ್ಟಿಯ ಚೂರು ಹಾಕಿದಳು. ಚಿಗರಿ ತಲೆ ವಾರೆ ಮಾಡಿ ಮೆಲ್ಲಗೆ ಅಗಿಯಿತು. ಅಕ್ಕ ಬಗ್ಗಿ ನೋಡಿದಳು.

"ಅಪ್ಪಾ, ಒಂದೀಟು ತಡಿ. ಇದು ಒಂದ ಮಗ್ಗಲಿಗೆ ಅಗಿಯಾಕತ್ತೈತಿ ನೋಡು."

ಅಪ್ಪ ಹಗ್ಗ ಕೆಳಗಿಟ್ಟ. ಕೈಗೆ ಟವೆಲ್ಲು ಸುತ್ತಿಕೊಂಡು ಚಿಗರಿಯ ಬಾಯಿಯನ್ನು ಬಿಸಿಲಿಗೆ ತೆರೆದ. ಬಲಗಡೆ ಹಿಂದಿನ ಹಲ್ಲಿಗೆ ಹಳದಿ ಕಿಟ್ಟ ಕಟ್ಟಿತ್ತು. ಅದರ ಬುಡದಲ್ಲಿ ಕಬ್ಬಿನ ಸಿಬಿರೊಂದು ಒಸಡಿಗೆ ಚುಚ್ಚಿಕೊಂಡು ಕೀವಾಗಿತ್ತು. ಕಾಲಿನ ಮುಳ್ಳು ಕೀಳುವ ಚಿಮಟದಿಂದ ಅಪ್ಪ ಅದನ್ನು ಎಳೆದು ತೆಗೆದ. ಚಿಗರಿ ಒಮ್ಮೆ ಕುಂಯ್ ಎಂದು, ಆಮೇಲೆ ಅವನ ಕೈಯನ್ನೇ ನೆಕ್ಕಿತು.

"ಪ್ರೀತಿ ಮಾಡಾಕ ಹೋಗಿ ನಾವ ಇದರ ಬಾಯಿ ಕೆಡಿಸೀವಲ್ಲೇ," ಎನ್ನುತ್ತ ಅಪ್ಪ ಹಗ್ಗವನ್ನು ಗೂಟಕ್ಕೆ ನೇತುಹಾಕಿದ. ನನಗೆ ಹೋದ ಜೀವ ಬಂದಂತಾಯಿತು.

ಅವತ್ತಿನಿಂದ ಚಿಗರಿಗೆ ಬೆಲ್ಲ, ಕಬ್ಬು ಎರಡೂ ಬಂದ್ ಆದವು. ದಿನಾ ಮುಂಜಾನೆ ನಾವು ಕಟ್ಟೆಯ ಮೇಲೆ ಕುಳಿತು ಇದ್ದಲಿ ಪುಡಿಯಲ್ಲಿ ಹಲ್ಲು ತಿಕ್ಕುವಾಗ ಅಕ್ಕ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಚಿಗರಿಯ ಹಲ್ಲು ಒರೆಸುತ್ತಿದ್ದಳು. ನಾತ ಮೆಲ್ಲಮೆಲ್ಲಗೆ ಹೋಯಿತು. ಆಮೇಲಾಮೇಲೆ ಅದೇ ಬಂದು ಸಾಲಿನ ಕೊನೆಗೆ ಬಾಯಿ ತೆರೆದು ಕೂರುತ್ತಿತ್ತು. ಅಕ್ಕ ತಡಮಾಡಿದರೆ ಅವಳ ಸೆರಗು ಎಳೆಯುತ್ತಿತ್ತು.

ಗಾಣವಿದ್ದ ಆ ಜಾಗ ಈಗ ಅಣೆಕಟ್ಟಿನ ಹಿನ್ನೀರಿನಡಿ ಇದೆ. ಪುನರ್ವಸತಿ ಊರಿನ ಈ ಮನೆಯಲ್ಲಿ, ಮಕ್ಕಳೇ, ನಿಮ್ಮ ನಾಯಿಗೆ ಬೇರೆಯದೇ ಬ್ರಷ್ಷು, ಕೋಳಿ ರುಚಿಯ ಪೇಸ್ಟು. ಹಲ್ಲು ನೋವಾದರೆ ತೋರಿಸಲು ಡಾಕ್ಟರು. ಬಾಯಿ ನಾರಿತೆಂದು ದೋಣಿ ಹತ್ತಿಸುವ ಮಾತು ಯಾರೂ ಆಡುವುದಿಲ್ಲ, ಅದು ನನಗೆ ಬಹಳ ಸಂತೋಷ. ಆದರೆ ಆ ಬ್ರಷ್ಷು ಎಷ್ಟೋ ದಿನದಿಂದ ಒಣಗಿ ನಿಂತಿದೆ, ಬಿಸ್ಕೀಟು ಹಾಕುವುದನ್ನು ಮಾತ್ರ ನೀವು ಮರೆತಿಲ್ಲ. ನಿನ್ನೆ ಅದು ನನ್ನ ಪಕ್ಕ ಬಂದು ಆಕಳಿಸಿತು. ಗೂಟದ ಮೇಲಿನ ಆ ಹಗ್ಗ ಕಣ್ಣ ಮುಂದೆ ಬಂತು. ಏಳಿ ಮಕ್ಕಳೇ, ಬಿಸಿಲು ಇರುವಾಗಲೇ ಅದರ ಬಾಯಿ ತೆರೆದು ನೋಡೋಣ.