ತವರಿಗೆ ಬೈಯಲು ಹೋದವಳು

ಹೋದ ವಾರ ನನ್ನ ಮಗಳು ಬ್ರೂಕ್‌ಫೀಲ್ಡ್‌ನ ಯಾವುದೋ ಅಂಗಡಿಯಿಂದ ಗಾಜಿನ ಬಾಟಲಿಯೊಂದನ್ನು ತಂದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮುಚ್ಚಳ ತಿರುಗಿಸಿದಳು. ಹುಳಿ ಬಂದ ಎಲೆಕೋಸು, ಬೆಳ್ಳುಳ್ಳಿ, ಮೆಣಸಿನಪುಡಿ... ವಾಸನೆ ಮುಂಬಾಗಿಲವರೆಗೂ ಬಂತು. "ಕಿಮ್ಚಿ ಕಣಮ್ಮ, ಕೊರಿಯಾದ್ದು. ನಿಂಗೆ ಗೊತ್ತಿರಲ್ಲ ಬಿಡು," ಎಂದಳು. ಇದೇ ಮನೆಯ ತಾರಸಿಯ ಮೇಲೆ ಕಿಮ್ಚಿಯ ಜಾಡಿಯೊಂದು ಸಿಡಿದು ಗೋಡೆಯೆಲ್ಲ ಕೆಂಪಾಗಿದ್ದಾಗ ಅವಳಿನ್ನೂ ಯುಕೆಜಿಯಲ್ಲಿದ್ದಳು.

ಆ ಜಾಡಿ ನಮ್ಮ ಮೇಲಿನ ಮನೆಯಾಕೆಯದು. ನಮ್ಮದು ಹಳೇ ಊರೊಳಗಿನ ಮನೆ. ಸುತ್ತಲಿನ ಹೊಲಗಳೆಲ್ಲ ಕಂಪನಿಗಳಾದ ಮೇಲೆ ನಮ್ಮ ಮಾವ ಮೇಲೊಂದು ಅಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದರು. ಅವರು ತೀರಿಕೊಂಡ ಮರುವರ್ಷ ಈಕೆ ಬಂದಳು. ಗಾಳಿಯಂತ್ರ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್. ವಯಸ್ಸು ನಲವತ್ತರ ಆಸುಪಾಸು, ಒಂಟಿ. ಮುಖ ನೋಡಿದವರೆಲ್ಲ ಮಣಿಪುರವೋ ನಾಗಾಲ್ಯಾಂಡೋ ಎಂದುಕೊಂಡು ಹಿಂದಿಯಲ್ಲಿ ಮಾತಾಡಿಸುತ್ತಿದ್ದರು. ಆಕೆಗೆ ಹಿಂದಿ ಬರುತ್ತಿರಲಿಲ್ಲ. ನಾನು ಆಗ ಹತ್ತಿರದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಶನಿವಾರ ಸಂಜೆ ಆಕೆ ಕಲಿಯಲೆಂದು ಪೆನ್ನು ಹಿಡಿದು ಕೆಳಗಿಳಿದು ಬರತೊಡಗಿದಳು. ಮೊದಲು ಕಲಿತದ್ದು ತರಕಾರಿ ಗಾಡಿಯವನಿಗೆ ಕೊಡಬೇಕಾದ ಉತ್ತರ.

"ಮಣಿಪುರ ಅಲ್ಲ ಅಣ್ಣ. ಹುಟ್ಟಿದ್ದು ಕೊರಿಯಾ. ಬೆಳೆದಿದ್ದು ಡೆನ್ಮಾರ್ಕ್. ಈಗ ಈ ಮನೆ ಮೇಲೆ."

ಜಾಡಿ ಸಿಡಿದ ದಿನ ನಮ್ಮ ಅತ್ತೆ ಮೂಗು ಮುಚ್ಚಿಕೊಂಡೇ ಮೆಟ್ಟಿಲು ಹತ್ತಿದರು. "ಏನವ್ವಾ, ಮೋರಿ ಕಟ್ಕೊಂಡೈತಾ?" ಎಂದು ಕೇಳಿದರು. ಆಕೆ ಬಕೆಟ್ಟು ಹಿಡಿದು ಗೋಡೆ ಉಜ್ಜುತ್ತಿದ್ದಳು. ಕಿಮ್ಚಿ ಮಾಡುವುದು ಆಕೆಗೂ ಗೊತ್ತಿರಲಿಲ್ಲ, ಮೊಬೈಲಿನಲ್ಲಿ ನೋಡಿಕೊಂಡು ಮಾಡಿದ್ದಳು. ಅತ್ತೆ ಉಳಿದದ್ದರಲ್ಲಿ ಒಂದೆಳೆ ಬಾಯಿಗಿಟ್ಟು, "ಉಪ್ಪಿನಕಾಯಿ ಕೆಟ್ಟೋಗೈತೆ" ಎಂದು ತೀರ್ಪು ಕೊಟ್ಟು, ಇನ್ನೂ ಎರಡು ಎಳೆ ತಿಂದರು.

"ನಿಮ್ಮಮ್ಮ ಮಾಡಕ್ಕೆ ಕಲ್ಸಿಲ್ವಾ?"

"ಯಾವ ಅಮ್ಮ? ನಂಗೆ ಇಬ್ರು," ಎಂದಳು ಆಕೆ, ತನ್ನ ಹೊಸ ಕನ್ನಡದಲ್ಲಿ. "ಒಬ್ರು ಕೊಟ್ರು. ಒಬ್ರು ತಗೊಂಡ್ರು."

ಅತ್ತೆ ಕೈ ಒರೆಸಿಕೊಳ್ಳುತ್ತಿದ್ದವರು ಹಾಗೇ ನಿಂತರು. "ನಂಗೂ ಇಬ್ರೇ ಕಣವ್ವ," ಎಂದರು.

ಈ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ಅತ್ತೆಯ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ವಿಷಯ ಗೊತ್ತಿತ್ತು. ಅತ್ತೆ ಹುಟ್ಟಿದ್ದು ಸರ್ಜಾಪುರದ ಆಚೆಯ ಹಳ್ಳಿಯಲ್ಲಿ, ನಾಲ್ಕನೆಯ ಹೆಣ್ಣಾಗಿ. ಮೂರು ವರ್ಷದ ಮಗುವಾಗಿದ್ದಾಗ, ಮಕ್ಕಳಿಲ್ಲದ ಸೋದರತ್ತೆಗೆ ಅವರನ್ನು ಕೊಟ್ಟುಬಿಟ್ಟರು. ಆ ಸೋದರತ್ತೆಯ ಮನೆ ನಮ್ಮ ಬೀದಿಯಲ್ಲೇ ಇತ್ತು. ಮುಂದೆ ಈ ಕಡೆಯ ಭೂಮಿಗೆ ಬಂಗಾರದ ಬೆಲೆ ಬಂದಾಗ ನೆಂಟರೆಲ್ಲ ಒಂದೇ ಮಾತು ಹೇಳಿದರು: ನೋಡು, ಕೊಟ್ಟಿದ್ದಕ್ಕೇ ನೀನು ಉದ್ಧಾರವಾದೆ, ಪುಣ್ಯ ಮಾಡಿದ್ದೆ. ಡೆನ್ಮಾರ್ಕಿನಲ್ಲಿ ಬೆಳೆದವಳಿಗೂ ಜನ ಇದನ್ನೇ ಹೇಳಿದ್ದರಂತೆ. ಶಾಲೆಯಲ್ಲಿ, ಚರ್ಚಿನಲ್ಲಿ, ನೆರೆಮನೆಯಲ್ಲಿ... ನೀನು ಎಷ್ಟು ಪುಣ್ಯವಂತೆ. ಇಬ್ಬರೂ ಸಾಕಿದವರನ್ನು ಪ್ರೀತಿಸುತ್ತಿದ್ದರು. ಆಕೆ ಪ್ರತಿ ಭಾನುವಾರ ಡೆನ್ಮಾರ್ಕಿನ ತಾಯಿಗೆ ಫೋನು ಮಾಡುತ್ತಿದ್ದಳು. ಆದರೆ ಪುಣ್ಯ ಎಂಬ ಮಾತು ಬಂದರೆ ಇಬ್ಬರಿಗೂ ಉರಿದುಹೋಗುತ್ತಿತ್ತು.

ಆಮೇಲೆ ಅವರಿಬ್ಬರ ನಡುವೆ ನನ್ನ ಪಾಠದ ಅಗತ್ಯವೇ ಉಳಿಯಲಿಲ್ಲ. ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿದರೂ ಸಾಕು ಎಂಬಂತೆ ಮಾತಾಡಿಕೊಳ್ಳುತ್ತಿದ್ದರು.

ಒಂದು ಸಂಜೆ ಆಕೆ ಮೊಬೈಲು ಹಿಡಿದು ಕೆಳಗೆ ಬಂದಳು. ಕೊರಿಯಾದಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಬೇರೆ ಬೇರೆ ದೇಶಗಳಿಗೆ ದತ್ತು ಹೋಗಿ ಬೆಳೆದವರನ್ನು ಸೇರಿಸಿ, ಹುಟ್ಟಿದ ನಾಡು ತೋರಿಸುವ ಪ್ರವಾಸವೊಂದಕ್ಕೆ ಹಿಂದೆ ಯಾವಾಗಲೋ ಹೆಸರು ಕೊಟ್ಟಿದ್ದಳಂತೆ. ಈಗ ಕರೆ ಬಂದಿತ್ತು. ಅರಮನೆ ನೋಡುವುದು, ಅಲ್ಲಿಯ ಉಡುಪು ತೊಟ್ಟು ಫೋಟೋ ತೆಗೆಸಿಕೊಳ್ಳುವುದು, ಅಡುಗೆ ಕಲಿಯುವುದು, ಕೊನೆಗೆ ಹುಟ್ಟಿದ ಊರಿಗೆ ಹೋಗುವುದು. ಆಕೆಗೆ ಹೋಗಲು ಮನಸ್ಸಿರಲಿಲ್ಲ.

"ಕಳಿಸುವಾಗ ನನ್ನ ಕೇಳಲಿಲ್ಲ," ಎಂದಳು ನನಗೆ ಇಂಗ್ಲಿಷಿನಲ್ಲಿ. "ಈಗ ಬಂದು ನಮ್ಮ ಅರಮನೆ ನೋಡು ಅಂತಾರೆ. ನಾನು ಯಾಕೆ ಹೋಗ್ಲಿ?"

ನಾನು ಅದನ್ನು ಅತ್ತೆಗೆ ಹೇಳಿದೆ. ಅವರು ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಓಗ್ಲಿ ಕಣೆ. ಓಗಿ ಬೈದ್ಬುಟ್ಟು ಬರ್ಲಿ. ತವರು ಅಂತ ಒಂದಿದ್ಮೇಲೆ ಬೈಯಕ್ಕಾದ್ರೂ ಓಗ್ಬೇಕಲ್ವಾ?"

ತವರು ಎಂದರೇನು ಎಂದು ಆಕೆ ಕೇಳಿದಳು. ವಿವರಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಇಂಗ್ಲಿಷಿನಲ್ಲಿ ಆ ಪದ ಸಿಗಲೇ ಇಲ್ಲ. ಹುಟ್ಟಿದ ಮನೆ ಎಂದೆ, ಅದಲ್ಲ. ಹೆಣ್ಣುಮಕ್ಕಳು ಬಿಟ್ಟು ಬಂದ ಮನೆ ಎಂದೆ, ಅದೂ ಪೂರ್ತಿ ಅಲ್ಲ. ಜಗಳವಾಡಿದರೂ ಮತ್ತೆ ಹೋಗುವ ಹಕ್ಕಿರುವ ಮನೆ ಎಂದಾಗ ಆಕೆ ತಲೆಯಾಡಿಸಿದಳು. "ಹಕ್ಕು," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಏನಂತ ಬೈಯಬೇಕು ಎನ್ನುವುದನ್ನೂ ಅತ್ತೆಯೇ ಹೇಳಿಕೊಟ್ಟರು. "ಮಗೂನ ಕೊಡಕ್ಕೆ ನಿಮ್ಗೆ ಎಂಗೆ ಮನ್ಸು ಬಂತು?" ಅಷ್ಟೇ ವಾಕ್ಯ. ಆಕೆ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತ ಅದನ್ನು ಬಾಯಿಪಾಠ ಮಾಡುತ್ತಿದ್ದಳು. 'ಎಂಗೆ' ಅಲ್ಲ, 'ಹೇಗೆ' ಎಂದು ನಾನು ತಿದ್ದಲು ಹೋದೆ. ಆಕೆ ಒಪ್ಪಲಿಲ್ಲ. "ಅಮ್ಮ ಹೇಳಿದ ಹಾಗೇ ಹೇಳ್ತೀನಿ."

ಹೊರಡುವ ದಿನ ಅತ್ತೆ ಆಕೆಯ ಕೈಗೆ ಹುರಿಹಿಟ್ಟಿನ ಡಬ್ಬಿ ಕೊಟ್ಟರು. ಬೈಯಲು ಹೋಗುವುದಾದರೂ ಬರಿಗೈಯಲ್ಲಿ ಹೋಗಬಾರದು ಎಂಬುದು ಅವರ ಲೆಕ್ಕ.

ಹಿಂತಿರುಗಿ ಬಂದ ದಿನ ಆಕೆ ಮೇಲೆ ಹತ್ತಲೇ ಇಲ್ಲ. ಸೂಟ್‌ಕೇಸನ್ನು ಬಾಗಿಲಲ್ಲೇ ಬಿಟ್ಟು ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ಅತ್ತೆ ಕೊಟ್ಟ ಅನ್ನ ಸಾರು ಉಂಡಳು. ಉಂಡ ಮೇಲೆ ಹೇಳಿದಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಉಳಿದದ್ದನ್ನು ನಾನು ತುಂಬುತ್ತಿದ್ದೆ.

ಹುಟ್ಟಿದ್ದು ಒಂದು ಬಂದರಿನ ಊರಿನಲ್ಲಂತೆ. ಅಲ್ಲಿನ ಮೀನು ಮಾರುಕಟ್ಟೆಯ ಬಾಗಿಲಲ್ಲಿ, ಟವೆಲ್ಲಿನಲ್ಲಿ ಸುತ್ತಿಟ್ಟ ಮಗುವಾಗಿ ಯಾರಿಗೋ ಸಿಕ್ಕಿದ್ದಳಂತೆ. ಆಕೆಗೆ ಅಲ್ಲಿ ತಿಳಿದದ್ದು ಅಷ್ಟೇ. ತಾಯಿ ಯಾರೆಂದು ಗೊತ್ತಾಗಲಿಲ್ಲ. ಪ್ರವಾಸದ ಬಸ್ಸು ಆ ಬಾಗಿಲ ಮುಂದೆ ಫೋಟೋ ತೆಗೆಯುವಷ್ಟು ಹೊತ್ತು ನಿಂತಿತು. ಎಲ್ಲರೂ ಮತ್ತೆ ಹತ್ತಿದರು, ಈಕೆ ಹತ್ತಲಿಲ್ಲ. ಮಾರ್ಗದರ್ಶಿ ಹೆಂಗಸು ಗಡಿಯಾರ ತೋರಿಸಿದಳು. "ನನ್ನನ್ನ ಇಲ್ಲಿ ಬಿಟ್ಟು ಹೋಗೋದು ಹೊಸದೇನಲ್ಲ, ನೀವು ಹೊರಡಿ" ಎಂದು ಹೇಳಿ ಒಳಗೆ ಹೋಗಿ, ಮೀನು ಹೆಚ್ಚುತ್ತಿದ್ದ ಮುದುಕಿಯೊಬ್ಬಳ ಪಕ್ಕ ಕೂತುಬಿಟ್ಟಳಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮುದುಕಿ ಆಕೆಯ ಮುಖವನ್ನೇ ನೋಡಿ, ಒಂದು ಬಟ್ಟಲು ಬಿಸಿ ಸಾರು ಕೊಟ್ಟು, ಮತ್ತೆ ಮೀನು ಹೆಚ್ಚತೊಡಗಿದಳು. ಸಂಜೆಯವರೆಗೂ ಈಕೆ ಅಲ್ಲೇ ಕೂತಿದ್ದು, ಹುರಿಹಿಟ್ಟಿನ ಡಬ್ಬಿಯನ್ನು ಆ ಮುದುಕಿಗೇ ಕೊಟ್ಟು ಎದ್ದು ಬಂದಳಂತೆ.

ಕೊನೆಯ ದಿನ ದೊಡ್ಡ ಸಭೆ. ದೊಡ್ಡವರು ಭಾಷಣ ಮಾಡಿದರು: ನೀವು ನಮ್ಮ ಹೆಮ್ಮೆ, ಆಗ ಬಡತನವಿತ್ತು, ನಿಮ್ಮ ತಾಯಂದಿರನ್ನು ಕ್ಷಮಿಸಿಬಿಡಿ. ಆಮೇಲೆ ಒಬ್ಬೊಬ್ಬರೂ ಎದ್ದು ಕೊರಿಯನ್ ಭಾಷೆಯಲ್ಲಿ ಒಂದು ಧನ್ಯವಾದ ಹೇಳಬೇಕು. ಅದನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಸಿದ್ದರಂತೆ. ಈಕೆಯ ಕೈಗೆ ಮೈಕು ಬಂತು.

"ಏನಂದೆ?" ಎಂದರು ಅತ್ತೆ.

"ಮಗೂನ ಕೊಡಕ್ಕೆ ನಿಮ್ಗೆ ಎಂಗೆ ಮನ್ಸು ಬಂತು?"

"ಅದೇನಾ? ನಮ್ ಮಾತಲ್ಲೇ?"

"ಹೂಂ. ಎಲ್ಲ ಚಪ್ಪಾಳೆ ಹೊಡೆದ್ರು. ಡೆನ್ಮಾರ್ಕ್ ಭಾಷೇಲಿ ಥ್ಯಾಂಕ್ಸ್ ಅಂದ್ಕೊಂಡ್ರು. ಆಮೇಲೆ ಇಂಗ್ಲಿಷಲ್ಲಿ ಹೇಳಿದೆ."

ಚಪ್ಪಾಳೆ ನಿಂತುಹೋಯಿತಂತೆ. ವೇದಿಕೆಯ ಮೇಲಿದ್ದವರು ತಲೆ ತಗ್ಗಿಸಿದರು. ನಾವು ಕ್ಷಮಿಸಬೇಕಾದ್ದು ತಾಯಂದಿರನ್ನಲ್ಲ, ಕೊಡುವುದು ಬಿಟ್ಟು ಬೇರೆ ದಾರಿಯೇ ಇಲ್ಲದ ಹಾಗೆ ಮಾಡಿದ ನಿಮ್ಮೆಲ್ಲರನ್ನು, ನನಗಿನ್ನೂ ಕ್ಷಮಿಸುವ ಮನಸ್ಸು ಬಂದಿಲ್ಲ ಎಂದು ಹೇಳಿ ಮೈಕನ್ನು ಪಕ್ಕದವನಿಗೆ ಕೊಟ್ಟಳಂತೆ. ಅವನು ಅಮೆರಿಕದಲ್ಲಿ ಬೆಳೆದವನು, ನಾಲ್ಕು ದಿನದಿಂದ ಧನ್ಯವಾದವನ್ನು ತಪ್ಪಿಲ್ಲದೆ ಉರುಹೊಡೆದಿದ್ದವನು. ಎದ್ದು ನಿಂತು, "ನಂದೂ ಅದೇ ಪ್ರಶ್ನೆ" ಎಂದಷ್ಟೇ ಹೇಳಿ ಕೂತನಂತೆ.

"ಏನು ಉತ್ರ ಕೊಟ್ರು?" ಎಂದು ಕೇಳಿದರು ಅತ್ತೆ.

"ಊಟಕ್ಕೆ ಕರೆದ್ರು."

ಅತ್ತೆ ನಗಲಿಲ್ಲ. ತಟ್ಟೆ ತೆಗೆದುಕೊಂಡು ಎದ್ದು ಹೋದರು. ಆಮೇಲೆ ಅನೇಕ ದಿನ ಅವರು ಅವರೆಕಾಯಿ ಸುಲಿಯಲು ಮೆಟ್ಟಿಲ ಮೇಲೆ ಕೂರಲಿಲ್ಲ. ಮೈ ಸರಿಯಿಲ್ಲವೇನೋ ಎಂದುಕೊಂಡೆ. ಒಂದು ಬೆಳಿಗ್ಗೆ ಹೊಸ ಸೀರೆಯುಟ್ಟು ಹೊರಗೆ ಬಂದರು.

"ನನ್ನೂ ಕರ್ಕೊಂಡೋಗ್ರಿ. ಸರ್ಜಾಪುರದ ಕಡೀಕೆ."

ನನ್ನ ಗಂಡ ಒಪ್ಪಲಿಲ್ಲ. "ಎಪ್ಪತ್ತು ದಾಟಿದ ಮೇಲೆ ಇದೆಲ್ಲ ಯಾಕಮ್ಮ? ಯಾವ ಕಾಲದ್ದೋ ಕೆದಕಿದ್ರೆ ಜನ ಏನಂತಾರೆ?" ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಮೊಳೆಗೆ ತಗುಲಿಹಾಕಿದ್ದ ಕಾರಿನ ಕೀ ತೆಗೆದುಕೊಂಡೆ. ಮೇಲಿನ ಮನೆಯಾಕೆ ಆಫೀಸಿಗೆ ರಜೆ ಹೇಳಿ ಇಳಿದು ಬಂದಳು.

ಅತ್ತೆ ಹುಟ್ಟಿದ ಮನೆಯಿದ್ದ ಜಾಗದಲ್ಲಿ ಈಗ ಅವರ ತಮ್ಮನ ಎರಡಂತಸ್ತಿನ ಮನೆ. ಹಿಂದಿನ ರಾಗಿ ಹೊಲದಲ್ಲಿ ಸಾಲಾಗಿ ವಿಲ್ಲಾಗಳು. ಮದುವೆ, ತಿಥಿ ಎಂದು ಆ ಮನೆಗೆ ಹೋಗಿ ಬರುವುದು ಇದ್ದೇ ಇತ್ತು, ಆದರೆ ಅತ್ತೆ ಅಲ್ಲಿಗೆ ಯಾವಾಗಲೂ ನೆಂಟರಾಗಿಯೇ ಹೋಗುತ್ತಿದ್ದರು. ಕರೆಯದೆ ಬಂದದ್ದನ್ನು ಕಂಡು ಮನೆಯವರಿಗೆ ಗಾಬರಿಯಾಯಿತು. ಕಾಫಿ ಬಂತು. ತಮ್ಮನ ಮಗ ಸ್ವಲ್ಪ ಹೊತ್ತು ಕಾಲು ಬದಲಿಸುತ್ತ ನಿಂತಿದ್ದು, "ಅತ್ತೆ, ಜಮೀನಿನ ಪತ್ರಕ್ಕೆ ನಿಮ್ದೂ ಸೈನ್ ಆಗೋಗಿದೆ ಅಲ್ವಾ?" ಎಂದ.

"ನಿನ್ ಜಮೀನು ನೀನೇ ಮಡೀಕ್ಕೊ," ಎಂದರು ಅತ್ತೆ. ಆಮೇಲೆ ತಮ್ಮನ ಕಡೆ ತಿರುಗಿದರು. ಅವರ ಕೈ ಸೀರೆಯ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತು.

"ಮಗೂನ ಕೊಡಕ್ಕೆ ನಿಮ್ಗೆ ಎಂಗೆ ಮನ್ಸು ಬಂತು?"

ಆ ಮುದುಕ ಕಾಫಿ ಲೋಟ ಕೆಳಗಿಟ್ಟರು. "ಅಕ್ಕ, ನಾನಾಗ ಉಟ್ಟೇ ಇರ್ಲಿಲ್ಲ. ನನ್ನ ಕೇಳಿದ್ರೆ?"

"ಕೇಳಕ್ಕೆ ಇನ್ಯಾರು ಉಳ್ದವ್ರೆ? ನೀನೊಬ್ನೇ."

ಹೊರಗೆ ಯಾವುದೋ ವಿಲ್ಲಾದಲ್ಲಿ ಟೈಲ್ಸ್ ಕತ್ತರಿಸುವ ಸದ್ದು... ಮುದುಕ ಆ ಸದ್ದಿನ ಕಡೆ ತಿರುಗಿ, "ಅವ್ವ ನಿನ್ ಎಸ್ರು ಎತ್ತಕ್ಕೆ ಬುಡ್ತಿರ್ಲಿಲ್ಲ. ಯಾರಾದ್ರೂ ಎತ್ತಿದ್ರೆ ಒಲೆ ಮುಂದಿಂದ ಎದ್ದೋಗ್ತಿದ್ಲು. ನಂಗೆ ಗೊತ್ತಿರೋದು ಅಷ್ಟೇ," ಎಂದರು. ಅತ್ತೆ ಅಳಲಿಲ್ಲ. ಮೇಲಿನ ಮನೆಯಾಕೆ ಅವರ ಕೈ ಹಿಡಿಯಲು ಹೋದಳು, ಅವರು ಬಿಡಿಸಿಕೊಂಡು ತಾವೇ ಎದ್ದರು. ಊಟಕ್ಕೆ ಕರೆದರು. ಅತ್ತೆ ನಿಲ್ಲಲಿಲ್ಲ.

ದೊಮ್ಮಸಂದ್ರದ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಅತ್ತೆ ಹಿಂದಿನ ಸೀಟಿನಿಂದ ಹೇಳಿದರು: "ಅದೇನು ಉತ್ರಾನಾ? ಅಲ್ಲ. ಆದ್ರೂ ಕೇಳ್ಬುಟ್ನಲ್ಲ. ಸಾಯೋಗಂಟ ಕೇಳಲ್ಲ ಅಂದ್ಕೊಂಡಿದ್ದೆ." ಪಕ್ಕದಲ್ಲಿ ಕೂತಿದ್ದಾಕೆ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಕೊರಿಯಾದಿಂದ ಬಂದ ದಿನವೂ ಅತ್ತಿರಲಿಲ್ಲ.

ಮುಂದಿನ ವರ್ಷ ಆಕೆಯ ಕೆಲಸ ಮುಗಿಯಿತು. ಮತ್ತೆ ಕೊರಿಯಾಕ್ಕೆ ಹೋಗುತ್ತೇನೆ, ಈ ಸಲ ಬಸ್ಸಿನಲ್ಲಲ್ಲ, ಅಲ್ಲೇ ಮನೆ ಮಾಡಿ ಭಾಷೆ ಕಲಿತು ಕೇಳುತ್ತೇನೆ ಎಂದು ಹೊರಟಳು. ಮೊದಮೊದಲು ಫೋಟೋಗಳು ಬರುತ್ತಿದ್ದವು. ಆಮೇಲೆ ಕಡಿಮೆಯಾದವು... ನಂಬರು ಬದಲಾಯಿತೋ ಏನೋ. ಈ ಸಂಕ್ರಾಂತಿಯ ಹೊತ್ತಿಗೆ ಅತ್ತೆ ತೀರಿಕೊಂಡರು. ಆಕೆಗೆ ತಿಳಿಸಲು ನಾನು ಕಳಿಸಿದ ಸಂದೇಶದ ಮುಂದೆ ಇವತ್ತಿಗೂ ಒಂದೇ ಟಿಕ್ ಗುರುತು ಇದೆ, ತಲುಪಿತು ಎನ್ನುವ ಎರಡನೆಯದು ಬಿದ್ದಿಲ್ಲ. ಆಕೆ ಹೋಗಿ ಎಷ್ಟೋ ವರ್ಷವಾಗಿದ್ದರೂ, ಒಂದೇ ವರ್ಷದಲ್ಲಿ ನಾನು ಇಬ್ಬರನ್ನೂ ಕಳೆದುಕೊಂಡೆ ಎಂದು ಅನ್ನಿಸುವುದು ಅದಕ್ಕೇ.

ಹನ್ನೊಂದನೆಯ ದಿನಕ್ಕೆ ಸರ್ಜಾಪುರದ ತಮ್ಮ ಬಂದಿದ್ದರು. ನಾವು ಅವರ ಮನೆಗೆ ಹೋಗಿಬಂದ ದಿನದಿಂದೀಚೆಗೆ ಅವರು ತಿಂಗಳಿಗೊಮ್ಮೆಯಾದರೂ ಅಕ್ಕನನ್ನು ನೋಡಲು ಬಂದು, ಹೆಚ್ಚೇನೂ ಮಾತಾಡದೆ ಕೂತು ಹೋಗುತ್ತಿದ್ದರು. ಊಟ ಮುಗಿದ ಮೇಲೆ ನನ್ನ ಹತ್ತಿರ ಬಂದರು.

"ಅವತ್ತು ಬಂದಿದ್ರಲ್ಲ, ಆ ಮೇಡಂ ಎಲ್ಲವ್ರೆ ಈಗ?"

ಗೊತ್ತಿಲ್ಲ ಎಂದೆ. ಅವರು ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ಅವ್ರಿಗೂ ಅಲ್ಲೊಬ್ಬ ತಮ್ಮ ಇರ್ಬೋದಲ್ವೇನವ್ವಾ? ಆಮೇಲುಟ್ಟೋನು. ಪಾಪ, ಅವ್ನಿಗೆ ಗೊತ್ತೇ ಇರಲ್ಲ. ಉಡ್ಕಿ ಕೇಳಿ ಅಂತ ಯೋಳಮ್ಮ ಅವ್ರಿಗೆ. ಅವ್ನು ಕಾಯ್ತಿಲ್ದಿದ್ರೂ ಪರ್ವಾಗಿಲ್ಲ, ಕೇಳ್ಬೇಕು."

ಅವರು ಹೋದ ಮೇಲೆ ಆ ಮಾತನ್ನು ಅವರು ಹೇಳಿದ ಹಾಗೆಯೇ, ಒಂದಕ್ಷರ ತಿದ್ದದೆ ಬರೆದು ಆಕೆಗೆ ಕಳಿಸಿದೆ. ತಲುಪಲಿಲ್ಲ. ಮಗಳು ನೋಡಿ, "ಆ ನಂಬರ್ ಇಲ್ಲ ಕಣಮ್ಮ, ಯಾಕೆ ಸುಮ್ನೆ ಕಳಿಸ್ತೀಯ?" ಎಂದಳು. ಮಾರನೆಯ ದಿನ ಮತ್ತೆ ಕಳಿಸಿದೆ. ಈಗಲೂ ಕಳಿಸುತ್ತಿರುತ್ತೇನೆ.