ಏಳರಲ್ಲೊಂದು ಗಂಗವ್ವನ ಮಾವನದು

ಗಂಗವ್ವ ಕೈ ತೋರಿಸಿದ್ದು ಐದನೆಯ ಕಲ್ಲಿಗೋ ಆರನೆಯದಕ್ಕೋ, ನನಗೆ ಖಚಿತವಾಗಿರಲಿಲ್ಲ. ಆ ಹೊತ್ತಿಗೆ ನಾಚಿಕೆಯಿಂದ ನೆಲ ನೋಡುತ್ತಿದ್ದೆನೇನೋ.

ಕದರಮಂಡಲಗಿಯ ಆಚೆ, ಅವಳ ಮೆಣಸಿನಕಾಯಿ ಹೊಲಕ್ಕೆ ಹತ್ತಿದ ಬೀಳುಭೂಮಿಯಲ್ಲಿ ಆಳೆತ್ತರದ ಏಳು ಕಲ್ಲುಗಳು ಸಾಲಾಗಿ ನಿಂತಿವೆ. ಏಳೂ ಇತಿಹಾಸಪೂರ್ವ ಕಾಲದವೆಂದು ನಕ್ಷೆಯಲ್ಲಿ ಗುರುತಿಸಿದ್ದೆ. ಮರುದಿನ ಅದನ್ನು ನನ್ನ ಪ್ರಾಧ್ಯಾಪಕರಿಗೆ ಒಪ್ಪಿಸಬೇಕಿತ್ತು. ಕಲ್ಲುಗಳ ನುಣುಪನ್ನು ಸವರುತ್ತ, "ಎಷ್ಟು ಸಾವಿರ ವರ್ಷ ಸವೆದಿವೆಯೋ!" ಎಂದೆ.

ಕಾಯಿ ಬಿಡಿಸುತ್ತಿದ್ದ ಗಂಗವ್ವ ನಕ್ಕಳು. "ಎಮ್ಮಿ ಮೈ ತಿಕ್ಕಿ ಸವದಾವ್ರಿ. ಅದಕ್ಕಂತನ ನಮ್ಮ ಮಾವಾರು ಇನ್ನೊಂದು ಕಲ್ಲ ತಂದು ನಿಲ್ಲಿಸ್ಯಾರ."

"ಯಾವುದು?"

"ಇಷ್ಟ ಕಲತೀರಿ, ನೀವ ಹೇಳ್ರಿ ನೋಡೋಣು!"

ಎರಡು ಸಲ ಹೇಳಿದೆ, ಎರಡು ಸಲವೂ ತಪ್ಪಿದೆ. "ಸಾಕ ಬಿಡ್ರೀ ಸಾಹೇಬ್ರ, ಎಮ್ಮಿಗೂ ಗೊತ್ತಾಗಿಲ್ಲ" ಎಂದು ಕನಿಕರದಿಂದ ಕೈ ಮಾಡಿ ತೋರಿಸಿದಳು.

ಹಾವೇರಿಯಿಂದ ಹೊರಟ ರೈಲಿನಲ್ಲಿ ಬಹಳ ಹೊತ್ತು ಯೋಚಿಸಿ, ಐದನೆಯದನ್ನು ರಬ್ಬರಿನಿಂದ ಅಳಿಸಿದೆ. ನಕ್ಷೆ ಹಾಗೆಯೇ ಒಪ್ಪಿಗೆಯಾಯಿತು. ನಾನು ಮಾತ್ರ ಒಪ್ಪಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹೋಗಿ ಏಳೂ ಕಲ್ಲುಗಳ ಬುಡದ ಮಣ್ಣು ಕೆದಕಿದೆ. ಈಗಿನ ಕಲ್ಲುಕುಟಿಗರು ಬಂಡೆ ಸೀಳಲು ಸಾಲಾಗಿ ಹೊಡೆಯುವ ಉಳಿಯ ಗುಳಿಗಳು ಐದನೆಯದರಲ್ಲಿ ಮಾತ್ರ ಇವೆ.