ಕರೀಂ ಮಾಸ್ತರರ ಹೊಟ್ಟಿನ ರೊಟ್ಟಿ

ಕರೀಂ ಮಾಸ್ತರರ ಊಟದ ಮೊದಲ ತುತ್ತು ಬೆಂಕಿಗೆ ಹೋಗುತ್ತಿತ್ತು. ರೊಟ್ಟಿಯ ಚೂರು, ಎರಡು ಶೇಂಗಾಬೀಜ, ಬೆಲ್ಲದ ತುಣುಕು, ಏನಿದ್ದರೂ ಎತ್ತಿಟ್ಟು ಬಿಸಿಲಲ್ಲಿ ಒಣಗಿಸಿ, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ, ನೀರಿದ್ದ ತಗಡಿನ ಡಬ್ಬಿಯ ಕೆಳಗೆ ಹಿಡಿದು ಸುಡುತ್ತಿದ್ದರು. ನೀರು ಎಷ್ಟು ಬಿಸಿಯಾಯಿತೋ ಆ ತುತ್ತಿನಲ್ಲಿ ಅಷ್ಟು ಶಕ್ತಿ ಎಂಬುದು ಅವರ ಲೆಕ್ಕ.

ಅವರು ಕಲ್ಯಾಣದವರು, ಹುಮನಾಬಾದಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾನು ಅದೇ ಶಾಲೆಗೆ ಹೊಸದಾಗಿ ಸೇರಿದ ಮಾಸ್ತರ. ಇಬ್ಬರಿಗೂ ಗುರವ್ವ ಎಂಬ ಮುದುಕಿಯ ಮನೆಯಲ್ಲೇ ಖೋಲಿ, ಅವಳ ಕೈಯದೇ ರೊಟ್ಟಿ. ತಿನ್ನುವುದನ್ನು ಸುಡುವ ಮನುಷ್ಯನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

"ಪಾಪ ಹತ್ತತದ್ರಿ ಮಾಸ್ತರ್ರ."

"ಹೊಟ್ಟ್ಯಾಗೂ ಬೆಂಕಿನೇ ಅದ ಗುರವ್ವ. ನಾ ಅದನ್ನ ಹೊರಗ ಹಚ್ಚಿ ನೋಡಾಕತ್ತೇನಿ."

"ಹಂಗಾರ ಸೆಗಣಿ ಕುಳ್ಳು ಇನ್ನೂ ಚಲೋ ಉರಿತದ. ನಾಳಿಂದ ಅದನ್ನ ಬಡಸ್ಲೇನು?"

ಮಾಸ್ತರರು ನಕ್ಕರು, ನಾನೂ ನಕ್ಕೆ. ಅವಳು ಎಂಥ ಮಾತು ಹೇಳಿದ್ದಳೆಂದು ಅಷ್ಟು ಓದಿದ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಯುದ್ಧದ ವರ್ಷಗಳಲ್ಲಿ ಜೋಳ ಸಿಗದಾಯಿತು. ಕೊಡಂಬಲ, ಹುಡಗಿ ಹಳ್ಳಿಗಳ ಕಡೆಯ ಕೂಲಿಯವರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದರು. ಒಬ್ಬ ಸಾವಕಾರರು ತಮ್ಮ ಕಾಳಿನ ಅಡತಿ ಅಂಗಡಿಯ ಅಂಗಳದಲ್ಲಿ ರೊಟ್ಟಿ ಹಂಚತೊಡಗಿದರು. ಆಗಲೇ ಮಾಸ್ತರರು ಜೋಳದ ಹೊಟ್ಟನ್ನು ಸುಟ್ಟು ನೋಡಿದ್ದು. ನೀರು ಹೆಚ್ಚುಕಡಿಮೆ ಹಿಟ್ಟಿನಷ್ಟೇ ಬಿಸಿಯಾಯಿತು. ಅರ್ಧ ಹಿಟ್ಟಿಗೆ ಅರ್ಧ ಹೊಟ್ಟು ಕಲಸಿದರೆ ಇದ್ದ ಜೋಳದಲ್ಲೇ ಎರಡರಷ್ಟು ಜನ ಉಣ್ಣಬಹುದೆಂದು ಅವರಿಗೆ ಹಿಗ್ಗೋ ಹಿಗ್ಗು. ಸಾವಕಾರರು ಒಪ್ಪಿಯೇಬಿಟ್ಟರು. ಮಾಸ್ತರರೇ ತಡೆದರು: "ಒಂದ್ ತಿಂಗಳ ನಿಂದರ್ರಿ. ಮೊದಲ ನಾವಿಬ್ರು ತಿಂದ್ ನೋಡ್ತೀವಿ."

ಇಬ್ಬರೆಂದರೆ ಅವರು ಮತ್ತು ನಾನು. ಎದೆಯುಬ್ಬಿಸಿ ಒಪ್ಪಿಕೊಂಡೆ. ಮೂರನೆಯ ದಿನಕ್ಕೇ ಗಂಟಲು ಕೆರೆಯಿತು, ಹೊಟ್ಟೆ ಕಲ್ಲಾಯಿತು. ಗುರವ್ವ ಅಡುಗೆಮನೆಗೆ ಕರೆದು ಬಿಸಿ ರೊಟ್ಟಿ ಕೊಟ್ಟಳು, ತಿಂದೆ. ಆಮೇಲೆ ದಿನವೂ ತಿಂದೆ. ಮಾಸ್ತರರ ಎದುರು ಹೊಟ್ಟಿನ ರೊಟ್ಟಿ ಮುರಿದು ಶಾಸ್ತ್ರ ಮಾಡುವುದು, ಉಳಿದದ್ದನ್ನು ಗುರವ್ವನ ಎಮ್ಮೆಗೆ ಹಾಕುವುದು.

ತಿಂಗಳು ತುಂಬಿದಾಗ ಅವರ ಕೆನ್ನೆ ಒಳಗೆ ಹೋಗಿತ್ತು, ಅಂಗಿ ಜೋಲುತ್ತಿತ್ತು. ಕಾಳಿನ ಪೇಟೆಯ ದೊಡ್ಡ ತಕ್ಕಡಿಗೆ ನನ್ನನ್ನು ಏರಿಸಿದರು. ನಾನು ಅರ್ಧ ಸೇರೂ ಇಳಿದಿರಲಿಲ್ಲ.

"ಖೋಟ ನನ್ನ ಮೈಯಾಗ ಅದ ತಮ್ಮಾ, ರೊಟ್ಟ್ಯಾಗಲ್ಲ. ನೀವು ಹ್ಯಾಂಗ ಗಟ್ಟಿ ಅದೀರಿ ನೋಡ್ರಿ. ಸಾವಕಾರ್ರಿಗೆ ಹೂಂ ಅಂದ್ ಬರ್ತೀನಿ."

ಹೊರಟೇಬಿಟ್ಟರು. ಅಡತಿಯ ಬಾಗಿಲವರೆಗೂ ಅವರ ಹಿಂದೆಯೇ ಹೋದೆ. ಅಂಗಳದಲ್ಲಿ ಹೆಂಗಸೊಬ್ಬಳು ಕಂಕುಳ ಕೂಸಿಗೆ ರೊಟ್ಟಿ ಅಗಿದು ಕೊಡುತ್ತಿದ್ದಳು. ಮಾಸ್ತರರ ತೋಳು ಹಿಡಿದು ಎಲ್ಲ ಹೇಳಿದೆ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಅವರು ಕೂಸಿನ ಕಡೆ ತಿರುಗಿದರು. "ಇನ್ನೊಂದ್ ಹೆಜ್ಜಿ ಹೋಗಿದ್ರ, ನಿಮ್ಮ ಸುಳ್ಳು ಆ ಕೂಸು ತಿಂತಿತ್ತು," ಎಂದರು. ಒಳಗೆ ಹೋಗಿ ಸಾವಕಾರರಿಗೆ, "ನಂದು ಗಲತಿ ಆತ್ರಿ. ಉರಿಯೋದೆಲ್ಲ ಮೈಗೆ ಹತ್ತೂದಿಲ್ಲ," ಎಂದರು. ನನ್ನ ಹೆಸರೆತ್ತಲಿಲ್ಲ.

ಅವರ ಕೆಟ್ಟ ಹೊಟ್ಟೆ ಮತ್ತೆ ಸುಧಾರಿಸಲಿಲ್ಲ. ರಜೆ ಹಾಕಿ ಕಲ್ಯಾಣಕ್ಕೆ ಹೋದರು. ನಾನು ನೋಡಲು ಹೋದದ್ದು ಒಂದೇ ಸಲ, ಅದೇ ಕೊನೆಯ ಸಲ. ಹಾಲು ಕೂಡ ಇಳಿಯದೆ ಹಾಸಿಗೆ ಹಿಡಿದಿದ್ದರು. ಅವರ ತಂಗಿ ನನ್ನ ಮುಂದೆ ರೊಟ್ಟಿ, ಬೇಳೆ ತಂದಿಟ್ಟರು. ತಲೆ ತಗ್ಗಿಸಿ ಕೂತೆ, ಕೈ ಏಳಲಿಲ್ಲ.

"ಉಣ್ರಿ ತಮ್ಮಾ," ಎಂದರು ಮಾಸ್ತರರು. "ನಾ ನೋಡ್ತೀನಿ."

ಅವರ ಕಣ್ಣೆದುರೇ, ಒಂದು ಚೂರೂ ಬಿಡದೆ ಉಂಡೆ.